ಫಾರ್ಮಕಾಲಜಿ (ಔಷಧಿ ಶಾಸ್ತ್ರ) ಪ್ರಾಕ್ಟಿಕಲ್ ಹೊಸದಾಗಿ ಕಟ್ಟೋದು ಹೇಗೆ: ಪಾಠ ಮಾಡುವವರಿಗೆ ಒಂದು ಕೈಪಿಡಿ

ಮೊದಲು ಒಂದು ಸಣ್ಣ ಕೆಲಸ ಮಾಡಿ. ಈಗಷ್ಟೇ ಪಾಸಾದ ಡಾಕ್ಟರ್ ಒಬ್ಬರು ಮೊದಲ ವಾರದ ರಾತ್ರಿ ಡ್ಯೂಟಿಯಲ್ಲಿ ಔಷಧಿ ವಿಷಯವಾಗಿ ಏನೇನು ಮಾಡಬೇಕಾಗುತ್ತದೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಮಗುವಿನ ತೂಕ ನೋಡಿ ಸಿರಪ್ ಎಷ್ಟು ಎಂಎಲ್ ಅಂತ ಲೆಕ್ಕ ಹಾಕಬೇಕು. ಕಿಡ್ನಿ ಕೆಲಸ ಕುಂಠಿತವಾದ ರೋಗಿಗೆ ಡೋಸ್ ಇಳಿಸಬೇಕು. ಈಗಾಗಲೇ ಎಂಟು ಥರದ ಮಾತ್ರೆ ನುಂಗುತ್ತಿರುವವರಿಗೆ ಒಂಬತ್ತನೆಯದು ಬರೆಯಬಹುದಾ ಅಂತ ಯೋಚಿಸಬೇಕು. ಇನ್‌ಹೇಲರ್ ಎಳೆಯುವುದು ಹೇಗೆ ಅಂತ ತೋರಿಸಬೇಕು. ಮೈಮೇಲೆ ಗಂಧೆ ಎದ್ದರೆ ಯಾವ ಔಷಧಿಯಿಂದ ಬಂತು ಅಂತ ಹುಡುಕಬೇಕು.

ಆಮೇಲೆ ನಿಮ್ಮ ವಿಭಾಗದ ಪ್ರಾಕ್ಟಿಕಲ್ ರೆಕಾರ್ಡ್ ಬುಕ್ ತೆಗೆದು ಪಕ್ಕದಲ್ಲಿಡಿ. ಹಾಳೆಯಲ್ಲಿರುವ ಎಷ್ಟು ಕೆಲಸ ರೆಕಾರ್ಡಿನಲ್ಲಿದೆ? ಹೆಚ್ಚಿನ ಕಡೆ ಕಾಲು ಭಾಗವೂ ಇರುವುದಿಲ್ಲ. ಮುಲಾಮು ಕಲಸುವುದು ಇರುತ್ತದೆ, ಕಪ್ಪೆಯ ಸ್ನಾಯುವಿನ ಗ್ರಾಫ್ ಇರುತ್ತದೆ, ಪ್ರಿಸ್ಕ್ರಿಪ್ಷನ್ನಿನ ಭಾಗಗಳಿಗೆ ಲ್ಯಾಟಿನ್ ಹೆಸರು ಇರುತ್ತದೆ. ರಾತ್ರಿ ಎರಡು ಗಂಟೆಗೆ ಬೇಕಾಗುವ ಕೆಲಸ ಇರುವುದಿಲ್ಲ.

ಹಾಗಾಗಿ ಪ್ರಾಕ್ಟಿಕಲ್ ಆಧುನಿಕಗೊಳಿಸೋದು ಅಂದರೆ ಯಾವ ಮಾನಿಕಿನ್ (ರೋಗಿಯ ಬೊಂಬೆ) ಕೊಳ್ಳೋಣ, ಯಾವ ಆ್ಯಪ್ ಹಾಕೋಣ ಅನ್ನುವಲ್ಲಿಂದ ಶುರು ಮಾಡಬೇಡಿ. ಆ ಹಾಳೆಯಿಂದ ಶುರು ಮಾಡಿ. ಒಂದೊಂದು ಸಾಲಿಗೂ ಒಂದೊಂದು ಪ್ರಾಕ್ಟಿಕಲ್ ಕಟ್ಟಿ. ಸಲಕರಣೆ ಬೇಕಾದರೆ ಆಮೇಲೆ ನೋಡಿದರಾಯ್ತು.

ಇದೇನು ಸುಮ್ನೆ ಹೇಳುವ ಮಾತಲ್ಲ. ಬ್ರಿಟನ್ನಿನಲ್ಲಿ 2009ರಲ್ಲಿ ಹೊರಬಂದ ಒಂದು ದೊಡ್ಡ ಅಧ್ಯಯನದಲ್ಲಿ 19 ಆಸ್ಪತ್ರೆಗಳ ಸುಮಾರು 1.24 ಲಕ್ಷ ಔಷಧಿ ಆದೇಶಗಳನ್ನು ನೋಡಿದರು. 8.9 ಶೇಕಡಾದಲ್ಲಿ ತಪ್ಪಿತ್ತು. ಹೊಸಬರು ಮಾತ್ರ ಅಲ್ಲ, ಎಲ್ಲ ಹಂತದ ಡಾಕ್ಟರುಗಳೂ ತಪ್ಪಿದ್ದರು. ಹೆಚ್ಚಿನ ತಪ್ಪುಗಳನ್ನು ರೋಗಿಗೆ ತಲುಪುವ ಮೊದಲೇ ಫಾರ್ಮಸಿಸ್ಟ್ ಅಥವಾ ನರ್ಸ್ ಹಿಡಿದಿದ್ದರು ಅನ್ನುವುದು ಸಮಾಧಾನದ ಸಂಗತಿ. ಆದರೆ ಪ್ರತಿ ಸಲವೂ ಅವರೇ ಹಿಡಿಯಲಿ ಅಂತ ಕೂತರೆ ಆಗುತ್ತಾ?

ಹಳೆಯದರಲ್ಲಿ ಏನು ಬಿಡಬೇಕು, ಏನು ಉಳಿಸಬೇಕು

ಹಳೆಯ ಪ್ರಾಣಿ ಪ್ರಯೋಗಗಳ ಹಿಂದೆ ಒಂದು ಒಳ್ಳೆಯ ಉದ್ದೇಶ ಇತ್ತು. ಕಾರ್ಲ್ ಲುಡ್ವಿಗ್ 1847ರಲ್ಲಿ ಕೈಮೋಗ್ರಾಫ್ ಅನ್ನುವ, ಸ್ನಾಯುವಿನ ಎಳೆತ, ರಕ್ತದೊತ್ತಡದಂಥದ್ದನ್ನು ಗೆರೆಯಾಗಿ ಬರೆಯುವ ಯಂತ್ರ ಮಾಡಿದ. ಮಸಿ ಬಳಿದ ಆ ಡ್ರಮ್ಮಿನ ಮೇಲೆ ಗೆರೆ ಏಳುವುದನ್ನು ಕಣ್ಣಾರೆ ನೋಡಿದಾಗ ಡೋಸ್ ಏರಿದ ಹಾಗೆ ಪರಿಣಾಮ ಏರುತ್ತದೆ, ಒಂದು ಮಟ್ಟದಲ್ಲಿ ನಿಲ್ಲುತ್ತದೆ ಅನ್ನುವುದು ತಲೆಗೆ ಹೋಗುತ್ತಿತ್ತು. ಆ ತಿಳಿವಳಿಕೆ ಬೇಕೇ ಬೇಕು. ಆದರೆ ಅದಕ್ಕಾಗಿ ಕಪ್ಪೆ ಸಾಯಬೇಕಿಲ್ಲ. ಪ್ರಾಣಿ ಬಳಕೆ ತಪ್ಪಿಸಬಹುದಾದ ಕಡೆ ತಪ್ಪಿಸಿ, ಆಗದಿದ್ದರೆ ಕಡಿಮೆ ಮಾಡಿ, ನೋವು ತಗ್ಗಿಸಿ ಅಂತ ರಸೆಲ್ ಮತ್ತು ಬರ್ಚ್ 1959ರಲ್ಲೇ ಹೇಳಿದ್ದರು. ಇವತ್ತು ಕಂಪ್ಯೂಟರ್ ಸಿಮ್ಯುಲೇಶನ್ ಇದೆ. ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯದವರು ಮಾಡಿದ ಸಿಮ್ಯುಲೇಶನ್ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಗಿನಿಪಿಗ್ಗಿನ ಕರುಳು, ಇಲಿಯ ರಕ್ತದೊತ್ತಡ, ಎಲ್ಲ ಪರದೆ ಮೇಲೇ ಮಾಡಬಹುದು.

ಆದರೆ ಪರದೆ ಮೇಲೆ ಬಂದ ಗ್ರಾಫ್ ನೋಡಿ ರೆಕಾರ್ಡಿಗೆ ಇಳಿಸಿಕೊಳ್ಳಿ ಅಂತ ಹೇಳಿದರೆ ಹಳೆಯ ಕತೆಯೇ ಮುಂದುವರಿಯಿತು ಅಂತ ಲೆಕ್ಕ. ಅದನ್ನು ಪತ್ತೇದಾರಿ ಕೆಲಸ ಮಾಡಿ. ಮೂರು ಔಷಧಿಗೆ ಬರೀ ಎ, ಬಿ, ಸಿ ಅಂತ ಹೆಸರಿಡಿ. ಎ ಕೊಟ್ಟರೆ ರಕ್ತದೊತ್ತಡ ಏರುತ್ತದೆ. ಬಿ ಕೊಟ್ಟರೂ ಏರುತ್ತದೆ. ಸಿ ಕೊಟ್ಟರೆ ಇಳಿಯುತ್ತದೆ. ಈಗ ಫೆಂಟೋಲಮೈನ್ ಕೊಟ್ಟು, ರಕ್ತನಾಳ ಬಿಗಿಗೊಳಿಸುವ ಆಲ್ಫಾ ರಿಸೆಪ್ಟರ್ ಮುಚ್ಚಿ, ಮೂರನ್ನೂ ಮತ್ತೆ ಕೊಡಲಿ. ಎ ಈಗ ಏರಿಸುವ ಬದಲು ಇಳಿಸುತ್ತದೆ. ಬಿ ಏರಿಸುವುದು ತಗ್ಗುತ್ತದೆ ಅಷ್ಟೇ, ಎ ಥರ ಇಳಿಸುವುದಿಲ್ಲ. ಸಿ ಮೊದಲಿನ ಹಾಗೇ ಇಳಿಸುತ್ತದೆ. ಎ ಅಡ್ರಿನಲಿನ್, ಬಿ ನಾರ್‌ಅಡ್ರಿನಲಿನ್, ಸಿ ಐಸೋಪ್ರಿನಲಿನ್ ಅಂತ ವಿದ್ಯಾರ್ಥಿಗಳೇ ವಾದ ಮಾಡಿ ತೀರ್ಮಾನಕ್ಕೆ ಬರಲಿ. ಅಡ್ರಿನಲಿನ್ನಿನ ಈ ತಿರುವುಮುರುವನ್ನು ಹೆನ್ರಿ ಡೇಲ್ 1906ರಲ್ಲಿ ವರದಿ ಮಾಡಿದ್ದ. ಅದೇ ಖುಷಿ ವಿದ್ಯಾರ್ಥಿಗೂ ಸಿಗಲಿ. ಇಂಥದ್ದಕ್ಕೆ ಎರಡು ಮೂರು ಕ್ಲಾಸ್ ಸಾಕು. ಅದಕ್ಕಿಂತ ಜಾಸ್ತಿ ಕೊಟ್ಟರೆ ಮುಖ್ಯ ಕೆಲಸಕ್ಕೆ ಸಮಯ ಉಳಿಯುವುದಿಲ್ಲ.

ಮುಲಾಮು, ಮಿಕ್ಸ್ಚರ್ ತಯಾರಿಕೆಯನ್ನು ನಾನಾದರೆ ಪೂರ್ತಿ ಕೈಬಿಡುತ್ತೇನೆ. ಅದು ಫಾರ್ಮಸಿ ಓದುವವರ ಕೆಲಸ.

ಔಷಧಿ ಆರಿಸುವುದನ್ನು ಕಲಿಸಿ

ಇಲ್ಲಿ ಹೊಸದಾಗಿ ಏನೂ ಕಂಡುಹಿಡಿಯಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಒಳ್ಳೆಯ ಪ್ರಿಸ್ಕ್ರಿಪ್ಷನ್ ಬರೆಯುವುದರ ಬಗ್ಗೆ ಒಂದು ಮಾರ್ಗದರ್ಶಿ ಹೊರತಂದಿತು. ಅದರಲ್ಲಿ ಆರು ಹೆಜ್ಜೆ ಇವೆ. ರೋಗಿಯ ತೊಂದರೆ ಏನು ಅಂತ ಗುರುತಿಸು, ಚಿಕಿತ್ಸೆಯಿಂದ ಏನಾಗಬೇಕು ಅಂತ ತೀರ್ಮಾನಿಸು, ನೀನು ಮೊದಲೇ ಆರಿಸಿಟ್ಟುಕೊಂಡ ಔಷಧಿ ಈ ರೋಗಿಗೆ ಹೊಂದುತ್ತದಾ ನೋಡು, ಶುರು ಮಾಡು, ರೋಗಿಗೆ ಮಾಹಿತಿ ಎಚ್ಚರಿಕೆ ಕೊಡು, ಆಮೇಲೆ ಗಮನಿಸು ಅಥವಾ ನಿಲ್ಲಿಸು. ಈ ವಿಧಾನವನ್ನು ಏಳು ವೈದ್ಯಕೀಯ ಶಾಲೆಗಳ 219 ವಿದ್ಯಾರ್ಥಿಗಳ ಮೇಲೆ ಪರೀಕ್ಷೆ ಮಾಡಿ, ಫಲಿತಾಂಶವನ್ನು 1995ರಲ್ಲಿ ಪ್ರಕಟಿಸಿದರು. ಈ ತರಬೇತಿ ಪಡೆದವರು ಮಿಕ್ಕವರಿಗಿಂತ ಚೆನ್ನಾಗಿ ಮಾಡಿದರು. ಕ್ಲಾಸಿನಲ್ಲಿ ಚರ್ಚಿಸದ ಕಾಯಿಲೆಗಳಲ್ಲೂ ಚೆನ್ನಾಗಿ ಮಾಡಿದರು, ಆರು ತಿಂಗಳಾದ ಮೇಲೂ ಅದು ಉಳಿದಿತ್ತು.

ಮಾಡುವುದು ಹೀಗೆ. ಸಾಮಾನ್ಯವಾಗಿ ಎದುರಾಗುವ ಇಪ್ಪತ್ತು ಕಾಯಿಲೆ ಆರಿಸಿ. ನಾಲ್ಕೈದು ಜನರ ಗುಂಪು ಮಾಡಿ. ಒಂದು ಕಾಯಿಲೆಗೆ ಇರುವ ಔಷಧಿ ವರ್ಗಗಳನ್ನೆಲ್ಲ ಬರೆದು ಎಷ್ಟು ಕೆಲಸ ಮಾಡುತ್ತದೆ, ಎಷ್ಟು ಸುರಕ್ಷಿತ, ಬಳಸಲು ಎಷ್ಟು ಅನುಕೂಲ, ಎಷ್ಟು ಖರ್ಚು ಅಂತ ನಾಲ್ಕು ಕಾಲಮ್ಮಿನಲ್ಲಿ ತೂಗಿ ನೋಡಲಿ. ಗುಂಪು ತನ್ನ ಮೊದಲ ಆಯ್ಕೆ ಹೇಳಿ, ಯಾಕೆ ಅಂತ ಸಮರ್ಥಿಸಿಕೊಳ್ಳಲಿ.

ಇಲ್ಲಿಗೇ ನಿಲ್ಲಿಸಬೇಡಿ, ಹೆಚ್ಚಿನವರು ನಿಲ್ಲಿಸುವುದೇ ಇಲ್ಲಿ. ಗುಂಪು ಬಿಪಿಗೆ ರಾಮಿಪ್ರಿಲ್ ಆರಿಸಿದೆ ಅಂದುಕೊಳ್ಳಿ. ಈಗ ರೋಗಿಯ ಚೀಟಿ ಕೊಡಿ: 29 ವರ್ಷದ ಹೆಂಗಸು, ಮಗು ಬೇಕು ಅಂತ ಯೋಚಿಸುತ್ತಿದ್ದಾರೆ. ರಾಮಿಪ್ರಿಲ್ ವರ್ಗದ ಔಷಧಿಗಳು ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುತ್ತವೆ. ಆಗ ಲ್ಯಾಬಿಟಲಾಲ್, ನಿಫೆಡಿಪೈನ್, ಮೀಥೈಲ್‌ಡೋಪಾ ಕಡೆ ಹೋಗಬೇಕು. ಇನ್ನೊಂದು ಗುಂಪಿಗೆ ಕೊಡುವ ಚೀಟಿಯಲ್ಲಿ ಅದೇ ಔಷಧಿ ತೆಗೆದುಕೊಂಡು ಮೂರು ವಾರದಿಂದ ಒಣಕೆಮ್ಮು ಇರಲಿ. ಮತ್ತೊಂದು ಗುಂಪಿಗೆ ರಕ್ತದ ಪೊಟ್ಯಾಶಿಯಂ 5.8, ಅಂದರೆ ಇರಬೇಕಾದ್ದಕ್ಕಿಂತ ಜಾಸ್ತಿ, ಇರಲಿ. ಒಳ್ಳೆಯ ಔಷಧಿ ಯಾವುದು ಅನ್ನುವ ಪ್ರಶ್ನೆ ಈ ರೋಗಿಗೆ ಒಳ್ಳೆಯದು ಯಾವುದು ಅಂತ ತಿರುಗುವುದು ಈ ಚೀಟಿಯಿಂದಲೇ.

ತಪ್ಪಿರುವ ಡ್ರಗ್ ಚಾರ್ಟ್ ಕೈಗೆ ಕೊಡಿ

ಒಂದೇ ಒಂದು ಪ್ರಾಕ್ಟಿಕಲ್ ಬದಲಿಸುವ ಅವಕಾಶ ಇದೆ ಅಂದರೆ ಇದನ್ನು ಮಾಡಿ. ಖರ್ಚಿಲ್ಲ, ಯಂತ್ರ ಬೇಡ. ರೋಗಿಗೆ ಕೊಡುವ ಔಷಧಿಗಳನ್ನು ಬರೆಯಲು ವಾರ್ಡಿನಲ್ಲಿ ಬಳಸುವ ಚಾರ್ಟಿನ ಖಾಲಿ ಪ್ರತಿ ತಂದು, ಬೇಕಂತಲೇ ತಪ್ಪುಗಳನ್ನು ಸೇರಿಸಿ ತುಂಬಿ, ಪ್ರತಿಗಳನ್ನು ಹಂಚಿ.

ಒಂದು ಮಾದರಿ ಹೇಳುತ್ತೇನೆ. 74 ವರ್ಷದ ಮಹಿಳೆ, ತೂಕ 48 ಕೆಜಿ, ಕೀಲುವಾತ, ಹೃದಯದ ತೊಂದರೆ, ಸಕ್ಕರೆ ಕಾಯಿಲೆ. ಮೂರು ದಿನದಿಂದ ಕೆಮ್ಮು ಜ್ವರ ಅಂತ ದಾಖಲಾಗಿದ್ದಾರೆ. ಕ್ರಿಯಾಟಿನಿನ್ ಏರಿದೆ, ಅಂದರೆ ಕಿಡ್ನಿ ಸರಿಯಿಲ್ಲ. ಪೆನಿಸಿಲಿನ್ ಕೊಟ್ಟಾಗ ಮುಖ ಊದಿತ್ತು ಅಂತ ಮೊದಲ ಪುಟದ ಮೂಲೆಯಲ್ಲಿ ಸಣ್ಣಗೆ ಬರೆದಿದೆ. ಎರಡನೆಯ ಪುಟದಲ್ಲಿ ಔಷಧಿಗಳು: ಅಮಾಕ್ಸಿಸಿಲಿನ್-ಕ್ಲಾವುಲನೇಟ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್, ಪೊಟ್ಯಾಶಿಯಂ ಕ್ಲೋರೈಡ್, ಮೆಥೊಟ್ರೆಕ್ಸೇಟ್ 7.5 ಮಿಲಿಗ್ರಾಂ ದಿನಕ್ಕೊಮ್ಮೆ, ಇನ್ಸುಲಿನ್ 10 ಯು.

ಹದಿನೈದು ನಿಮಿಷ ಕೊಡಿ. ಡ್ರಗ್ ಫಾರ್ಮ್ಯುಲರಿ (ಔಷಧಿಗಳ ಡೋಸ್, ಎಚ್ಚರಿಕೆ ಇರುವ ಕೈಪಿಡಿ) ಪುಸ್ತಕವೋ ಆ್ಯಪೋ ಕೈಯಲ್ಲಿರಲಿ. ತಪ್ಪುಗಳನ್ನು ಹುಡುಕಲಿ. ಪೆನಿಸಿಲಿನ್ ಅಲರ್ಜಿ ಇರುವವರಿಗೆ ಅದೇ ಗುಂಪಿನ ಔಷಧಿ. ಕೀಲುವಾತಕ್ಕೆ ವಾರಕ್ಕೊಮ್ಮೆ ಕೊಡಬೇಕಾದ ಮೆಥೊಟ್ರೆಕ್ಸೇಟ್ ದಿನಾ ಬರೆದಿದೆ, ಅದೂ ಕಿಡ್ನಿ ಸರಿಯಿಲ್ಲದವರಿಗೆ, ಅದು ಮೂಳೆಮಜ್ಜೆಯನ್ನು ಹಾಳುಮಾಡಿ ಜೀವವನ್ನೇ ತೆಗೆಯಬಹುದು. ಪೊಟ್ಯಾಶಿಯಂ ಏರಿಸುವ ಮೂರು ಔಷಧಿ ಒಟ್ಟಿಗೆ. ಇನ್ಸುಲಿನ್ ಮುಂದಿನ ಯು ಅಕ್ಷರವನ್ನು ಅವಸರದಲ್ಲಿ ಸೊನ್ನೆ ಅಂತ ಓದಿದರೆ 10 ಯೂನಿಟ್ 100 ಆಗುತ್ತದೆ. ಆದ್ದರಿಂದಲೇ ಯೂನಿಟ್ ಅಂತ ಪೂರ್ತಿ ಬರೆಯಬೇಕು ಅನ್ನುವುದು.

ಆಮೇಲೆ ನಿಜವಾದ ಪ್ರಶ್ನೆ ಕೇಳಿ. ಇವುಗಳಲ್ಲಿ ಯಾವುದಕ್ಕೆ ಈ ಕ್ಷಣ ಫೋನ್ ಮಾಡುತ್ತೀರಿ, ಯಾವುದು ಬೆಳಗಿನ ರೌಂಡ್ಸ್ ತನಕ ಕಾಯಬಹುದು? ಮುಂದಿನ ಡೋಸ್ ಎಷ್ಟು ಹೊತ್ತಿಗಿದೆ? ಇವತ್ತಿನ ಪೊಟ್ಯಾಶಿಯಂ ಎಷ್ಟು ಅಂತ ನೋಡಿದಿರಾ? ಮೆಥೊಟ್ರೆಕ್ಸೇಟ್ ಎಷ್ಟು ದಿನದಿಂದ ಹೀಗೆ ಹೋಗುತ್ತಿದೆ, ರಕ್ತಕಣಗಳ ಎಣಿಕೆ ಮಾಡಿಸಿದ್ದಾರಾ? ಒಬ್ಬರು ಅಲರ್ಜಿ ಮೊದಲು ಅನ್ನುತ್ತಾರೆ, ಇನ್ನೊಬ್ಬರು ಪೊಟ್ಯಾಶಿಯಂ ಮೊದಲು ಅನ್ನುತ್ತಾರೆ, ಕ್ಲಾಸು ಬಿಸಿಯಾಗುತ್ತದೆ. ಆ ವಾದದಲ್ಲಿ ಕಲಿಯುವಷ್ಟು ಒಂದು ಗಂಟೆಯ ಲೆಕ್ಚರಿನಲ್ಲಿ ಕಲಿಯುವುದಿಲ್ಲ, ಇದು ನನ್ನ ಗಟ್ಟಿ ಅಭಿಪ್ರಾಯ. ಕೊನೆಗೆ ಖಾಲಿ ಚಾರ್ಟ್ ಕೊಟ್ಟು ಸರಿಯಾಗಿ ಬರೆಯಿಸಿ. 5.0 ಅಂತ ಬರೆಯಬಾರದು, ಚುಕ್ಕೆ ಕಾಣದಿದ್ದರೆ 50 ಆಗುತ್ತದೆ. ಸೊನ್ನೆ ಬಿಟ್ಟು ಬರೀ .5 ಅಂತಲೂ ಬರೆಯಬಾರದು, 5 ಆಗುತ್ತದೆ. ಮೈಕ್ರೋಗ್ರಾಂ ಅನ್ನು ಚಿಕ್ಕದು ಮಾಡದೆ ಪೂರ್ತಿ ಬರೆಯಬೇಕು. ಇಂಥ ಸಣ್ಣ ಶಿಸ್ತು ಬಾಯಿಪಾಠದಿಂದ ಬರುವುದಿಲ್ಲ, ಬರೆದೂ ಬರೆದೂ ಕೈಗೆ ಕೂರಬೇಕು.

ವಾರ್ಡಿನ ಅಸಲಿ ಚಾರ್ಟ್ ಬಳಸುವುದಾದರೆ ಹೆಸರು, ನಂಬರ್ ಎಲ್ಲ ಅಳಿಸಿ. ಆಸ್ಪತ್ರೆಯ ಅನುಮತಿ ತೆಗೆದುಕೊಳ್ಳಿ.

ಲೆಕ್ಕ

ಔಷಧಿ ಲೆಕ್ಕ ಕಷ್ಟದ ಗಣಿತ ಅಲ್ಲ. ಆದರೂ ಹೆದರಿಕೆ ಇದೆ, ಹೆದರಿಕೆ ಇರುವಲ್ಲಿ ತಪ್ಪೂ ಇದೆ. ವಾರಕ್ಕೆ ಹತ್ತು ನಿಮಿಷ, ವರ್ಷವಿಡೀ. ಒಂದೇ ದಿನ ಮೂರು ಗಂಟೆ ಮಾಡಿಸಿ ಮುಗಿಸಿಬಿಡುವುದರಿಂದ ಏನೂ ಉಳಿಯುವುದಿಲ್ಲ.

ಪ್ರಶ್ನೆಗಳು ಬಾಟಲಿಯಿಂದಲೇ ಹುಟ್ಟಲಿ. 12 ಕೆಜಿ ಮಗುವಿಗೆ ಪ್ಯಾರಾಸಿಟಮಾಲ್ ಕೆಜಿಗೆ 15 ಮಿಲಿಗ್ರಾಂ ಅಂದರೆ 180 ಮಿಲಿಗ್ರಾಂ. 5 ಎಂಎಲ್‌ಗೆ 120 ಮಿಲಿಗ್ರಾಂ ಇರುವ ಸಿರಪ್ ಆದರೆ 7.5 ಎಂಎಲ್. 5 ಎಂಎಲ್‌ಗೆ 250 ಮಿಲಿಗ್ರಾಂ ಇರುವುದಾದರೆ 3.6 ಎಂಎಲ್. ಈಗ ಕೇಳಿ: ತಾಯಿಗೆ ನೀವು 7.5 ಎಂಎಲ್ ಅಂತಷ್ಟೇ ಹೇಳಿದಿರಿ, ಮನೆಯಲ್ಲಿದ್ದದ್ದು ಎರಡನೆಯ ಬಾಟಲಿ, ಮಗುವಿಗೆ ಎಷ್ಟು ಹೋಯಿತು? 375 ಮಿಲಿಗ್ರಾಂ, ಬೇಕಾದದ್ದರ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಎಂಎಲ್ ಜೊತೆ ಸಿರಪ್ಪಿನ ಸಾಂದ್ರತೆಯನ್ನೂ ಬರೆಯಬೇಕು ಅನ್ನುವ ನಿಯಮ ಆಗ ತಾನಾಗಿಯೇ ಅರ್ಥವಾಗುತ್ತದೆ.

ಅಡ್ರಿನಲಿನ್ ಅಂತೂ ಬಿಡಲೇಬಾರದು. 1:1000 ಅಂದರೆ ಒಂದು ಎಂಎಲ್‌ನಲ್ಲಿ 1 ಮಿಲಿಗ್ರಾಂ. 1:10,000 ಅಂದರೆ 0.1 ಮಿಲಿಗ್ರಾಂ. ಅನಾಫಿಲ್ಯಾಕ್ಸಿಸ್ (ಜೀವಕ್ಕೇ ಅಪಾಯ ತರುವ ಅಲರ್ಜಿ) ಆದ ದೊಡ್ಡವರಿಗೆ ತೊಡೆಯ ಸ್ನಾಯುವಿಗೆ 0.5 ಮಿಲಿಗ್ರಾಂ, ಅಂದರೆ 1:1000ದ ಅರ್ಧ ಎಂಎಲ್. ಎರಡು ಆಂಪ್ಯೂಲ್‌ಗಳ ಲೇಬಲ್ ಪಕ್ಕಪಕ್ಕ ಇಟ್ಟು, ಸಿರಿಂಜ್ ಕೊಟ್ಟು, ನೀರು ತುಂಬಿಸಿ ಎಳೆಯಿಸಿ. ಎಷ್ಟು ಎಳೆದರು, ಯಾವ ಆಂಪ್ಯೂಲಿನಿಂದ ಎಳೆದರು, ಯಾವ ಮಾರ್ಗದಿಂದ ಕೊಡುತ್ತೇನೆ ಅಂದರು, ಮೂರನ್ನೂ ನೋಡಿ. ಶೇಕಡಾ ಲೆಕ್ಕವೂ ಹೀಗೇ: 1 ಶೇಕಡಾ ಲಿಗ್ನೊಕೇನ್ ಅಂದರೆ ಎಂಎಲ್‌ಗೆ 10 ಮಿಲಿಗ್ರಾಂ ಅನ್ನುವುದು ತಕ್ಷಣ ಹೊಳೆಯಬೇಕು.

ಕೊನೆಯ ಹಂತಕ್ಕೆ ಇನ್ಫ್ಯೂಷನ್, ಅಂದರೆ ಪಂಪಿನಿಂದ ರಕ್ತನಾಳಕ್ಕೆ ನಿಧಾನವಾಗಿ ಔಷಧಿ ಹರಿಸುವುದು. 60 ಕೆಜಿ ರೋಗಿ, ನಾರ್‌ಅಡ್ರಿನಲಿನ್ ಕೆಜಿಗೆ ನಿಮಿಷಕ್ಕೆ 0.1 ಮೈಕ್ರೋಗ್ರಾಂ, 50 ಎಂಎಲ್‌ನಲ್ಲಿ 4 ಮಿಲಿಗ್ರಾಂ ಬೆರೆಸಿದೆ. ನಿಮಿಷಕ್ಕೆ 6, ಗಂಟೆಗೆ 360 ಮೈಕ್ರೋಗ್ರಾಂ ಬೇಕು. ಎಂಎಲ್‌ಗೆ 80 ಮೈಕ್ರೋಗ್ರಾಂ ಇದೆ. ಪಂಪಿಗೆ ಗಂಟೆಗೆ 4.5 ಎಂಎಲ್. ಕ್ಯಾಲ್ಕ್ಯುಲೇಟರ್ ಒತ್ತುವ ಮೊದಲು ಉತ್ತರ ಹೆಚ್ಚುಕಡಿಮೆ ಎಷ್ಟಿರಬೇಕು ಅಂತ ಬಾಯಲ್ಲಿ ಹೇಳಿಸಿ. ಪಕ್ಕದವರು ಇವರ ಹಾಳೆ ನೋಡದೆ ಮೊದಲಿನಿಂದ ಲೆಕ್ಕ ಮಾಡಿ ತಾಳೆ ಹಾಕಲಿ. ಹಾಳೆ ನೋಡಿ ತಲೆಯಾಡಿಸುವುದು ತಾಳೆ ಅಲ್ಲ.

ಸ್ಪ್ರೆಡ್‌ಶೀಟಿನಲ್ಲಿ ರಕ್ತದ ಮಟ್ಟ

ಫಾರ್ಮಕೊಕೈನೆಟಿಕ್ಸ್ (ಔಷಧಿ ಮೈಯಲ್ಲಿ ಹೇಗೆ ಏರಿ ಇಳಿಯುತ್ತದೆ ಅನ್ನುವ ಲೆಕ್ಕ) ಅಂದರೆ ಸೂತ್ರ ಅಂತ ಹೆದರಿ ಓಡುವವರಿಗೆ ಒಂದು ಖಾಲಿ ಸ್ಪ್ರೆಡ್‌ಶೀಟ್ ಕೊಡಿ. ಔಷಧಿಯ ಹಾಫ್ ಲೈಫ್ (ಮೈಯಲ್ಲಿರುವುದು ಅರ್ಧಕ್ಕೆ ಇಳಿಯಲು ಬೇಕಾದ ಸಮಯ) 6 ಗಂಟೆ, 6 ಗಂಟೆಗೊಮ್ಮೆ 100 ಮಿಲಿಗ್ರಾಂ. ಹಿಂದಿನ ಸಂಖ್ಯೆಯನ್ನು ಅರ್ಧ ಮಾಡಿ 100 ಕೂಡಿಸು, ಅಷ್ಟೇ ಸೂತ್ರ. 100, 150, 175, 187.5, 193.75 ಅಂತ ಏರುತ್ತಾ 200ರ ಹತ್ತಿರ ನಿಲ್ಲುತ್ತದೆ. ನಾಲ್ಕೈದು ಹಾಫ್ ಲೈಫ್ ಆದ ಮೇಲೆ ಮಟ್ಟ ಸ್ಥಿರವಾಗುತ್ತದೆ ಅನ್ನುವ ಸಾಲು ಈಗ ಕಣ್ಣೆದುರಿಗೇ ಇದೆ. ಮೊದಲ ಡೋಸ್ 200 ಹಾಕಿ ನೋಡು ಅನ್ನಿ. ತಕ್ಷಣ ಮಟ್ಟ ಸಿಕ್ಕಿತು, ಲೋಡಿಂಗ್ ಡೋಸ್ ಅಂದರೆ ಇದೇ.

ಈಗ ಕಿಡ್ನಿ ಕೈಕೊಟ್ಟಿತು, ಹಾಫ್ ಲೈಫ್ 12 ಗಂಟೆ ಆಯಿತು ಅನ್ನಿ. 6 ಗಂಟೆಯಲ್ಲಿ ಈಗ 0.71 ಭಾಗ ಉಳಿಯುತ್ತದೆ, ಅರ್ಧದ ಜಾಗದಲ್ಲಿ ಅದನ್ನೇ ಹಾಕಬೇಕು. ಅದೇ ಡೋಸಿಗೆ ಮಟ್ಟ 340ರ ಆಸುಪಾಸಿಗೆ ಹೋಗುತ್ತದೆ. ಅಲ್ಲಿಗೆ ಒಮ್ಮೆಲೇ ಹಾರುವುದಿಲ್ಲ, ನಿಧಾನವಾಗಿ ಎರಡು ಮೂರು ದಿನ ಏರುತ್ತಾ ಹೋಗುತ್ತದೆ. ಮೊದಲ ದಿನ ಚೆನ್ನಾಗಿದ್ದ ರೋಗಿ ಮೂರನೆಯ ದಿನ ಯಾಕೆ ಗೊಂದಲದಲ್ಲಿ ಬಿದ್ದರು ಅನ್ನುವುದಕ್ಕೆ ಉತ್ತರ ಆ ಕಾಲಮ್ಮಿನಲ್ಲೇ ಇದೆ. ಡೋಸ್ ಅರ್ಧ ಮಾಡಿದರೆ ಏನಾಗುತ್ತದೆ, ಡೋಸ್ ಹಾಗೇ ಇಟ್ಟು 12 ಗಂಟೆಗೊಮ್ಮೆ ಕೊಟ್ಟರೆ ಏನಾಗುತ್ತದೆ ಅಂತ ಎರಡನ್ನೂ ಮಾಡಿಸಿ. ಸರಾಸರಿ ಒಂದೇ, ಆದರೆ ಏರಿಳಿತ ಬೇರೆ. ಜೆಂಟಾಮೈಸಿನ್ನಿನಂಥ ಔಷಧಿಗೆ ಆ ಏರಿಳಿತ ಯಾಕೆ ಮುಖ್ಯ ಅಂತ ಅಲ್ಲಿಂದ ಮುಂದಕ್ಕೆ ಚರ್ಚೆ ಒಯ್ಯಬಹುದು.

ರೋಗಿಯ ಜೊತೆ ಮಾತು

ಬರೆದ ಔಷಧಿ ರೋಗಿಯ ಮೈಗೆ ಸರಿಯಾಗಿ ಹೋಗದಿದ್ದರೆ ಬರೆದು ಏನು ಬಂತು? ಔಷಧಿ ಇಲ್ಲದ, ತರಬೇತಿಗೇ ಮಾಡಿದ ಇನ್‌ಹೇಲರ್‌ಗಳನ್ನು ತರಿಸಿ. ಮೊದಲು ವಿದ್ಯಾರ್ಥಿಯೇ ಬಳಸಿ ತೋರಿಸಲಿ. ಅಲುಗಾಡಿಸು, ಉಸಿರು ಪೂರ್ತಿ ಬಿಡು, ತುಟಿ ಬಿಗಿಯಾಗಿ ಮುಚ್ಚು, ನಿಧಾನವಾಗಿ ಒಳಕ್ಕೆಳೆಯಲು ಶುರು ಮಾಡಿದ ಕೂಡಲೇ ಒತ್ತು, ಎಳೆಯುತ್ತಲೇ ಇರು, 10 ಸೆಕೆಂಡ್ ಹಿಡಿದಿಡು. ಸ್ಟಿರಾಯ್ಡ್ ಆದರೆ ಬಾಯಿ ಮುಕ್ಕಳಿಸು. ಎಷ್ಟೋ ಜನ ವಿದ್ಯಾರ್ಥಿಗಳಿಗೇ ಒತ್ತುವುದು ಒಂದು ಕಡೆ, ಎಳೆಯುವುದು ಒಂದು ಕಡೆ ಆಗುತ್ತದೆ. ಆಗ ಸ್ಪೇಸರ್ (ಇನ್‌ಹೇಲರಿಗೆ ಜೋಡಿಸುವ ಕೊಳವೆ) ಯಾಕೆ ಬೇಕು ಅಂತ ವಿವರಿಸುವ ಅಗತ್ಯವೇ ಇರುವುದಿಲ್ಲ.

ಜೋಡಿಯಾಗಿ ಕೂರಿಸಿ, ಒಬ್ಬರು ರೋಗಿ, ಒಬ್ಬರು ಡಾಕ್ಟರ್. ಅರ್ಥವಾಯಿತಾ ಅಂತ ಕೇಳುವುದನ್ನು ನಿಷೇಧಿಸಿ. ಹಾಗೆ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಮನೆಗೆ ಹೋದ ಮೇಲೆ ಹೇಗೆ ತೆಗೆದುಕೊಳ್ಳುತ್ತೀರಿ, ಒಮ್ಮೆ ನನಗೆ ಹೇಳಿ ನೋಡೋಣ ಅಂತ ಕೇಳಲಿ. ಜನರ ಭಾಷೆಯಲ್ಲೇ ಕೇಳಲಿ. ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ವಾರ್ಫರಿನ್ ಬಗ್ಗೆ ಇಂಗ್ಲಿಷಿನಲ್ಲಿ ಹತ್ತು ಅಂಶ ಒಪ್ಪಿಸುವ ಹುಡುಗ ಅದನ್ನೇ ಅಜ್ಜಿಯೊಬ್ಬರಿಗೆ ತಿಳಿಯುವ ಹಾಗೆ ಹೇಳು ಅಂದಾಗ ತಡವರಿಸಿದರೆ ಅವನಿಗೆ ಇನ್ನೂ ಅಭ್ಯಾಸ ಬೇಕು ಅಂತಲೇ ಅರ್ಥ.

ಅಡ್ಡಪರಿಣಾಮ ವರದಿ

ವ್ಯಾಖ್ಯಾನ ಬರೆಸಬೇಡಿ, ಫಾರ್ಮ್ ತುಂಬಿಸಿ. ರೋಗಿ ಯಾರು, ವರದಿ ಮಾಡುವವರು ಯಾರು, ಅನುಮಾನ ಇರುವ ಔಷಧಿ ಯಾವುದು, ಆದದ್ದೇನು: ಈ ನಾಲ್ಕು ಇಲ್ಲದೆ ವರದಿ ಇಲ್ಲ. ಆಮೇಲೆ 1981ರ ನರಾಂಜೊ ಪಟ್ಟಿಯ ಹತ್ತು ಪ್ರಶ್ನೆಗಳನ್ನು ಒಂದು ಕೇಸಿಗೆ ಹಾಕಿ ಅಂಕ ಕೊಡಲಿ. 9 ಅಥವಾ ಹೆಚ್ಚು ಬಂದರೆ ಖಚಿತ, 5ರಿಂದ 8 ಸಂಭವನೀಯ, 1ರಿಂದ 4 ಸಾಧ್ಯ, ಅದಕ್ಕಿಂತ ಕಡಿಮೆ ಆದರೆ ಸಂಶಯ. ಒಂದೇ ಕೇಸಿಗೆ ಎರಡು ಗುಂಪಿನ ಅಂಕ ಬೇರೆ ಬೇರೆ ಬಂದರೆ ಒಳ್ಳೆಯದೇ ಆಯಿತು, ಯಾವ ಪ್ರಶ್ನೆಯಲ್ಲಿ ದಾರಿ ಬೇರೆಯಾಯಿತು ಅಂತ ಹುಡುಕಿಸಿ. ವಾರ್ಡಿನಲ್ಲಿ ನಿಜವಾಗಿ ಸಿಕ್ಕ ಒಂದಾದರೂ ವರದಿಯನ್ನು ಪ್ರತಿ ಬ್ಯಾಚ್ ಕಳಿಸಬೇಕು ಅಂತ ಇಟ್ಟುಕೊಳ್ಳಿ.

ಔಷಧಿ ಜಾಹೀರಾತಿನ ವಿಮರ್ಶೆಗೆ ಒಂದು ಕ್ಲಾಸ್ ಸಾಕು. ಅಪಾಯ 50 ಶೇಕಡಾ ಕಡಿಮೆ ಅಂತ ದಪ್ಪಕ್ಷರದಲ್ಲಿ ಇರುತ್ತದೆ. ನೂರರಲ್ಲಿ ಇಬ್ಬರಿಗೆ ಆಗುತ್ತಿದ್ದದ್ದು ಒಬ್ಬರಿಗೆ ಆಯಿತು, ಅಂದರೆ ಒಬ್ಬರಿಗೆ ಲಾಭ ಆಗಲು ನೂರು ಜನ ನುಂಗಬೇಕು. ಈ ಲೆಕ್ಕ ಒಂದು ಸಲ ಮಾಡಿದವರು ಮರೆಯುವುದಿಲ್ಲ.

ಕಂಪ್ಯೂಟರ್ ಮತ್ತು ಎಐ

ಈಗಿನ ಆಸ್ಪತ್ರೆಗಳಲ್ಲಿ ಪ್ರಿಸ್ಕ್ರಿಪ್ಷನ್ ಪರದೆ ಮೇಲೆ ಹೋಗುತ್ತಿದೆ. ಅಕ್ಷರ ಅರ್ಥವಾಗದ ತೊಂದರೆ ತಪ್ಪಿತು, ಆದರೆ ಹೊಸ ತಪ್ಪು ಬಂದವು. ಪಟ್ಟಿಯಲ್ಲಿ ಮೇಲೆ ಕೆಳಗೆ ಇರುವ ಹೆಸರಿನ ಮೇಲೆ ಕ್ಲಿಕ್ ಆಗುತ್ತದೆ. ಎಚ್ಚರಿಕೆ ಕಿಟಕಿ ಪದೇ ಪದೇ ಬಂದು ಬಂದು ಓದದೇ ಮುಚ್ಚುವುದು ರೂಢಿಯಾಗುತ್ತದೆ. ಆಸ್ಪತ್ರೆಯ ತಂತ್ರಾಂಶದ ತರಬೇತಿ ಪ್ರತಿ ಸಿಕ್ಕಿದರೆ ಅದರಲ್ಲೇ ಮಾಡಿಸಿ. ಬರುವ ಎಚ್ಚರಿಕೆಗಳಲ್ಲಿ ಯಾವುದನ್ನು ಮೀರಬಹುದು, ಯಾವುದನ್ನು ಮೀರಲೇಬಾರದು, ಮೀರಿದರೆ ಕಾರಣ ಏನು ಬರೆಯುತ್ತೀರಿ ಅಂತ ಕೇಳಿ.

ಎಐ ಚಾಟ್‌ಬಾಟ್ ಬಳಸಬೇಡಿ ಅಂದರೆ ಯಾರೂ ಕೇಳುವುದಿಲ್ಲ. ಕ್ಲಾಸಿನಲ್ಲೇ ಬಳಸಿ. ಒಂದು ಕಾಲ್ಪನಿಕ ಕೇಸ್ ಕೊಟ್ಟು ಚಿಕಿತ್ಸೆ ಕೇಳಲಿ. ಬಂದ ಉತ್ತರದ ಪ್ರತಿ ವಾಕ್ಯವನ್ನೂ ಫಾರ್ಮ್ಯುಲರಿ ಮತ್ತು ಔಷಧಿಯ ಅಧಿಕೃತ ಮಾಹಿತಿ ಪತ್ರದ ಜೊತೆ ತಾಳೆ ನೋಡಿ ಸರಿ, ತಪ್ಪು, ಅರ್ಧ ಸರಿ ಅಂತ ಗುರುತು ಹಾಕಲಿ. ಡೋಸ್, ಕಿಡ್ನಿ ಹೊಂದಾಣಿಕೆ, ಗರ್ಭಿಣಿಯರ ವಿಷಯ, ಈ ಮೂರನ್ನು ಹೆಚ್ಚು ಜಾಗ್ರತೆಯಿಂದ ನೋಡಲಿ. ಓದಲು ನಯವಾಗಿರುವ ಉತ್ತರ ಸರಿಯಾಗಿಯೇ ಇರಬೇಕು ಅಂತಿಲ್ಲ ಅನ್ನುವುದು ಹೀಗೆ ಮಾಡಿದಾಗಲೇ ಮನಸ್ಸಿಗೆ ಬರುತ್ತದೆ. ನಿಜವಾದ ರೋಗಿಯ ವಿವರ ಅದರೊಳಗೆ ಹಾಕಬಾರದು, ಇದರಲ್ಲಿ ರಿಯಾಯಿತಿ ಇಲ್ಲ.

ಪರೀಕ್ಷೆ ಬದಲಾಗದಿದ್ದರೆ ಏನೂ ಬದಲಾಗದು

ವರ್ಷವಿಡೀ ಇಷ್ಟೆಲ್ಲ ಮಾಡಿಸಿ ಕೊನೆಗೆ ಹಳೆಯ ವೈವಾ, ಹಳೆಯ ಸ್ಪಾಟರ್ (ವಸ್ತು ತೋರಿಸಿ ಗುರುತಿಸು ಅನ್ನುವ ಪರೀಕ್ಷೆ) ಇಟ್ಟರೆ ವಿದ್ಯಾರ್ಥಿಗಳು ಹಳೆಯದನ್ನೇ ಓದುತ್ತಾರೆ. ಅವರದ್ದು ತಪ್ಪಲ್ಲ. ಪರೀಕ್ಷೆಯೇ ಅವರಿಗೆ ನಾವು ಕೊಡುವ ಸೂಚನೆ ಅಲ್ವಾ?

ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು 1975ರಲ್ಲಿ ವಿವರಿಸಿದ ಓಸ್ಕಿ ಅನ್ನುವ ಪರೀಕ್ಷಾ ಪದ್ಧತಿ ಇದಕ್ಕೆ ಸರಿಯಾಗಿ ಹೊಂದುತ್ತದೆ. ಐದೈದು ನಿಮಿಷದ ಸ್ಟೇಷನ್, ಎಲ್ಲರಿಗೂ ಒಂದೇ ಕೆಲಸ, ಮೊದಲೇ ಬರೆದಿಟ್ಟ ಅಂಕಪಟ್ಟಿ. ಏನೇನು ಪರೀಕ್ಷಿಸಬೇಕು ಅನ್ನುವುದಕ್ಕೆ ಬ್ರಿಟನ್ನಿನಲ್ಲಿ ಔಷಧಿ ಬರೆಯುವುದರ ಪರೀಕ್ಷೆಯಾದ ಪ್ರಿಸ್ಕ್ರೈಬಿಂಗ್ ಸೇಫ್ಟಿ ಅಸೆಸ್‌ಮೆಂಟ್‌ನ ಎಂಟು ಭಾಗಗಳನ್ನು ನೋಡಿ: ಬರೆಯುವುದು, ಬರೆದದ್ದನ್ನು ಪರಿಶೀಲಿಸುವುದು, ಚಿಕಿತ್ಸೆ ಯೋಜಿಸುವುದು, ಮಾಹಿತಿ ಕೊಡುವುದು, ಲೆಕ್ಕ, ಅಡ್ಡಪರಿಣಾಮ, ನಿಗಾ, ರಿಪೋರ್ಟ್ ಓದಿ ತೀರ್ಮಾನಿಸುವುದು. ಅಲ್ಲಿ ಫಾರ್ಮ್ಯುಲರಿ ನೋಡಿಕೊಂಡೇ ಬರೆಯಬಹುದು. ಇದು ನನಗೆ ಬಹಳ ಸರಿ ಅನಿಸುತ್ತದೆ. ವಾರ್ಡಿನಲ್ಲಿ ಡೋಸ್ ನೆನಪಿನಿಂದ ಬರೆಯುವುದಕ್ಕಿಂತ ತೆಗೆದು ನೋಡಿ ಬರೆಯುವವರೇ ನಮಗೆ ಬೇಕಾದ ಡಾಕ್ಟರ್.

ಒಂದು ಸ್ಟೇಷನ್ ಹೀಗಿರಬಹುದು. ವಾರ್ಫರಿನ್ ತೆಗೆದುಕೊಳ್ಳುತ್ತಿರುವ 66 ವರ್ಷದವರು, ಐಎನ್ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಅನ್ನುವ ಅಳತೆ) 2.5ರಲ್ಲಿ ಸ್ಥಿರವಾಗಿದೆ, ಈಗ ಎದೆಯ ಸೋಂಕು. ಚಾರ್ಟಿನಲ್ಲಿ ಕ್ಲಾರಿಥ್ರೋಮೈಸಿನ್ ಅಂತ ಬರೆದಿದೆ, ಸಹಿ ಇನ್ನೂ ಆಗಿಲ್ಲ. ಸಹಿ ಹಾಕುತ್ತೀರಾ? ಎರಡೂ ಸೇರಿದರೆ ರಕ್ತಸ್ರಾವದ ಅಪಾಯ ಏರುತ್ತದೆ ಅಂತ ಗುರುತಿಸಿದ್ದಕ್ಕೆ ಅಂಕ. ಬೇರೆ ಔಷಧಿ ಸೂಚಿಸುವ ಮೊದಲು ಅಲರ್ಜಿ ಕೇಳಿದ್ದಕ್ಕೆ ಅಂಕ. ಕೆಲವೇ ದಿನದಲ್ಲಿ ಐಎನ್ಆರ್ ಮತ್ತೆ ನೋಡುವ ಯೋಜನೆಗೆ ಅಂಕ. ಮೂಗು, ವಸಡಿನಿಂದ ರಕ್ತ ಬಂದರೆ, ಮಲ ಕಪ್ಪಾದರೆ ತಕ್ಷಣ ಬನ್ನಿ ಅಂತ ರೋಗಿಗೆ ಹೇಳಿದ್ದಕ್ಕೆ ಅಂಕ. ಅಲರ್ಜಿ ಕೇಳದೇ ಔಷಧಿ ಬರೆದರೆ ಮಿಕ್ಕ ಅಂಕ ಎಷ್ಟೇ ಬಂದಿರಲಿ, ಆ ಸ್ಟೇಷನ್ ಮತ್ತೆ ಮಾಡಬೇಕು. ಕಠಿಣ ಅನಿಸಬಹುದು, ಆದರೆ ಈ ನಿಯಮವನ್ನು ವರ್ಷದ ಮೊದಲ ದಿನವೇ ಹೇಳಿಬಿಟ್ಟರೆ ಅಲರ್ಜಿ ಕೇಳುವುದು ಎಲ್ಲರಿಗೂ ಉಸಿರಾಡುವಷ್ಟು ಸಹಜವಾಗುತ್ತದೆ.

ಶುರು ಎಲ್ಲಿಂದ

ಎಲ್ಲವನ್ನೂ ಒಂದೇ ವರ್ಷ ಬದಲಿಸಲು ಹೋಗಬೇಡಿ. ಮೊದಲ ಮೂರು ತಿಂಗಳು ತಪ್ಪಿರುವ ಚಾರ್ಟ್ ಮತ್ತು ವಾರದ ಲೆಕ್ಕ, ಎರಡೇ ಸಾಕು. ಆಮೇಲೆ ಔಷಧಿ ಆಯ್ಕೆ, ಆಮೇಲೆ ರೋಗಿಯ ಜೊತೆ ಮಾತು. ಪರೀಕ್ಷೆಯಲ್ಲಿ ಆ ವರ್ಷ ಎರಡು ಹೊಸ ಸ್ಟೇಷನ್ ಸೇರಿಸಿ.

ವಿಭಾಗದವರೇ ಎಲ್ಲ ಮಾಡಬೇಕಿಲ್ಲ, ಮಾಡಲೂಬಾರದು. ವಾರ್ಡಿನ ಹಿರಿಯ ನರ್ಸ್ ಒಬ್ಬರನ್ನು ಕರೆಯಿರಿ, ಡಾಕ್ಟರು ಬರೆದದ್ದು ಎಲ್ಲೆಲ್ಲಿ ಓದಲಾಗುವುದಿಲ್ಲ, ಯಾವ ಆದೇಶಕ್ಕೆ ಮತ್ತೆ ಫೋನ್ ಮಾಡಬೇಕಾಗುತ್ತದೆ ಅಂತ ಅವರ ಬಾಯಲ್ಲೇ ಕೇಳಿಸಿ. ಆಸ್ಪತ್ರೆ ಫಾರ್ಮಸಿಸ್ಟ್ ತಾವು ಹಿಡಿದ ತಪ್ಪುಗಳನ್ನು ಹೆಸರಿಲ್ಲದೆ ತಂದುಕೊಡಲಿ, ಮುಂದಿನ ವರ್ಷದ ಚಾರ್ಟುಗಳಿಗೆ ಅದೇ ಸರಕು. ಮೆಡಿಸಿನ್, ಪೀಡಿಯಾಟ್ರಿಕ್ಸ್ ವಿಭಾಗದವರ ಜೊತೆ ಕೂತು ಇಪ್ಪತ್ತು ಕಾಯಿಲೆಯ ಪಟ್ಟಿ ಒಪ್ಪಿಸಿಕೊಳ್ಳಿ, ಇಲ್ಲದಿದ್ದರೆ ಇಲ್ಲಿ ಒಂದು ಕಲಿತು ಅಲ್ಲಿ ಇನ್ನೊಂದು ನೋಡಿ ವಿದ್ಯಾರ್ಥಿಗೆ ಗೊಂದಲ.

ಬದಲಾವಣೆ ಆಯಿತಾ ಅಂತ ತಿಳಿಯಲು ಅಭಿಪ್ರಾಯದ ಫಾರ್ಮ್ ಸಾಲದು. ಕ್ಲಾಸ್ ಚೆನ್ನಾಗಿತ್ತು ಅಂತ ಎಲ್ಲರೂ ಬರೆಯುತ್ತಾರೆ. ಮೊದಲ ವಾರವೇ ಒಂದು ತಪ್ಪಿರುವ ಚಾರ್ಟ್ ಕೊಟ್ಟು ಯಾರು ಎಷ್ಟು ಹಿಡಿದರು ಅಂತ ಬರೆದಿಡಿ. ವರ್ಷದ ಕೊನೆಗೆ ಅಷ್ಟೇ ಕಷ್ಟದ ಬೇರೆ ಚಾರ್ಟ್ ಕೊಡಿ. ಇನ್ನೂ ಆರು ತಿಂಗಳು ಬಿಟ್ಟು, ಅವರು ವಾರ್ಡಿಗೆ ಹೋದ ಮೇಲೆ, ಮೂರನೆಯದು ಕೊಡಿ. ಎಲ್ಲರೂ ಮತ್ತೆ ಮತ್ತೆ ತಪ್ಪಿಸಿಕೊಂಡ ತಪ್ಪು ಯಾವುದೋ ಅದನ್ನೇ ಮುಂದಿನ ಬ್ಯಾಚಿನ ಮೊದಲ ಕ್ಲಾಸಿಗೆ ಇಟ್ಟುಕೊಳ್ಳಿ.